ಫ್ರ್ಯಾಂಕ್ ಪಾರ್ಸನ್ಸ್ ಮತ್ತು ಕಸುಬಿನ ಆಯ್ಕೆ

ಎತ್ತು ಕೊಳ್ಳಬೇಕಾದರೆ ನಮ್ಮ ಹಳ್ಳಿಯವರು ಮೂರು ಸಂತೆ ತಿರುಗುತ್ತಾರೆ. ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನೊಗ ಹೂಡಿ ನಡೆಸಿಯೂ ನೋಡುತ್ತಾರೆ. ಆದರೆ ಹದಿನೈದು ವರ್ಷದ ಮಗ ಅಥವಾ ಮಗಳು ಮುಂದೆ ಯಾವ ಕಸುಬು ಹಿಡಿಯಬೇಕೆಂಬುದನ್ನು ಅಂಕಪಟ್ಟಿಗೋ ನೆರೆಯವರ ಬಾಯಿಮಾತಿಗೋ ಬಿಟ್ಟುಬಿಡುವುದುಂಟು. ಈ ಆಯ್ಕೆಗೂ ಒಂದು ಕ್ರಮ ಬೇಕೆಂದು ತೋರಿಸಿಕೊಟ್ಟವರಲ್ಲಿ ಅಮೆರಿಕದ ಫ್ರ್ಯಾಂಕ್ ಪಾರ್ಸನ್ಸರು ಅಗ್ರಗಣ್ಯರು.

ಪಾರ್ಸನ್ಸರು 1854ರ ನವೆಂಬರ್ 14ರಂದು ನ್ಯೂಜೆರ್ಸಿ ಸಂಸ್ಥಾನದ ಮೌಂಟ್ ಹಾಲಿ ಎಂಬ ಊರಿನಲ್ಲಿ ಜನಿಸಿದರು. ಬುದ್ಧಿ ಚುರುಕು, ಹದಿನೆಂಟರ ಹರೆಯದಲ್ಲಿಯೇ, 1873ರಲ್ಲಿ, ಕಾರ್ನೆಲ್ ವಿಶ್ವವಿದ್ಯಾನಿಲಯದಿಂದ ಎಂಜಿನಿಯರಿಂಗ್ ಪದವಿ ಪಡೆದರು. ರೈಲ್ವೆ ಕಂಪನಿಯೊಂದರಲ್ಲಿ ಕೆಲಸವೂ ಸಿಕ್ಕಿತು. ಆದರೆ ಅದೇ ವರ್ಷ ಅಮೆರಿಕದಲ್ಲಿ ದೊಡ್ಡ ಹಣಕಾಸಿನ ಮುಗ್ಗಟ್ಟು ತಲೆದೋರಿ ಆ ಕಂಪನಿ ದಿವಾಳಿಯಾಯಿತು. ಪದವೀಧರ ತರುಣನು ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಯಾಳಾಗಿ ದುಡಿಯಬೇಕಾಯಿತು.

ಮುಂದೆ ಮ್ಯಾಸಚೂಸೆಟ್ಸ್ ಸಂಸ್ಥಾನದ ಶಾಲೆಯೊಂದರಲ್ಲಿ ಉಪಾಧ್ಯಾಯರಾದರು. ಬಳಿಕ ಕಾನೂನನ್ನು ಓದಿ 1881ರಲ್ಲಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆ ಓದಿನ ಶ್ರಮಕ್ಕೆ ಆರೋಗ್ಯ ಕೆಟ್ಟು, ನ್ಯೂಮೆಕ್ಸಿಕೊದ ಬಯಲಿನಲ್ಲಿ ಕೆಲವು ಕಾಲ ಕಳೆದು ಚೇತರಿಸಿಕೊಂಡರು. ಅನಂತರ ಬಾಸ್ಟನ್ ನಗರಕ್ಕೆ ಬಂದು ಕಾನೂನಿನ ಪಠ್ಯಪುಸ್ತಕಗಳನ್ನು ಬರೆದರು. 1892ರಿಂದ ಬಾಸ್ಟನ್ ವಿಶ್ವವಿದ್ಯಾನಿಲಯದಲ್ಲಿ ಕಾನೂನು ಬೋಧಿಸಿದರು. 1895ರಲ್ಲಿ ಆ ನಗರದ ಮೇಯರ್ ಹುದ್ದೆಗೆ ಸ್ಪರ್ಧಿಸಿ ಸೋತರು. 1897ರಲ್ಲಿ ಕ್ಯಾನ್ಸಸ್‌ನ ಕಾಲೇಜೊಂದರಲ್ಲಿ ಪ್ರಾಧ್ಯಾಪಕರಾದರೆ, ಎರಡೇ ವರ್ಷಗಳಲ್ಲಿ ಅಲ್ಲಿಯ ರಾಜಕೀಯ ಬದಲಾಗಿ ಆ ಕೆಲಸವೂ ಹೋಯಿತು. ಇಷ್ಟು ಕಸುಬುಗಳ ರುಚಿಯನ್ನೂ ಕಹಿಯನ್ನೂ ಕಂಡವರಿಗೆ ದಿಕ್ಕು ಕಾಣದ ತರುಣರ ಪಾಡು ಅರ್ಥವಾದುದರಲ್ಲಿ ಆಶ್ಚರ್ಯವೇನು?

ಬಾಸ್ಟನ್ನಿನ ಉತ್ತರ ಭಾಗದಲ್ಲಿ ಹೊರದೇಶಗಳಿಂದ ಬಂದ ಬಡವರು ಕಿಕ್ಕಿರಿದಿದ್ದರು. ಅವರಿಗಾಗಿ ಪಾಲೀನ್ ಅಗಾಸಿ ಶಾ ಎಂಬ ದಾನಶೀಲ ಮಹಿಳೆಯ ನೆರವಿನಿಂದ ಸಿವಿಕ್ ಸರ್ವಿಸ್ ಹೌಸ್ ಎಂಬ ಸೇವಾಕೇಂದ್ರ ನಡೆಯುತ್ತಿತ್ತು. 1905ರಲ್ಲಿ ಪಾರ್ಸನ್ಸರು ಅಲ್ಲಿ ದುಡಿಯುವ ಜನರಿಗಾಗಿ ತರಗತಿಗಳನ್ನು ತೆರೆದರು. ಸಂಜೆ ಶಾಲೆಗಳ ಹುಡುಗರೊಡನೆ ಅವರು ಭವಿಷ್ಯದ ಮಾತೆತ್ತಿದಾಗ, ತಮಗೆ ಪ್ರತ್ಯೇಕವಾಗಿ ಸಲಹೆ ಬೇಕೆಂದು ಹುಡುಗರೇ ಬಂದರು. ಇದರ ಫಲವಾಗಿ 1908ರ ಜನವರಿ 13ರಂದು ವೃತ್ತಿ ಸಲಹಾ ಕೇಂದ್ರ ಆರಂಭವಾಯಿತು.

ಅವರ ಕ್ರಮ ಸರಳವಾದುದು. ಮೊದಲು ತನ್ನ ಶಕ್ತಿ, ಅಭಿರುಚಿ, ಇತಿಮಿತಿಗಳನ್ನು ತಾನೇ ಅರಿಯಬೇಕು. ಎರಡನೆಯದಾಗಿ, ಒಂದೊಂದು ಕಸುಬಿಗೂ ಬೇಕಾದ ಅರ್ಹತೆ, ದೊರೆಯುವ ಸಂಬಳ, ಏಳಿಗೆಯ ಅವಕಾಶಗಳನ್ನು ತಿಳಿಯಬೇಕು. ಮೂರನೆಯದಾಗಿ, ಇವೆರಡನ್ನೂ ತೂಗಿ ನೋಡಬೇಕು. ತಿಳಿವು ಸಂಪಾದಿಸಲು ಕಾರ್ಖಾನೆಗಳಿಗೆ ಹೋಗಿ ನೋಡಿರಿ, ಸಾಧಕರ ಜೀವನಚರಿತ್ರೆಗಳನ್ನು ಓದಿರಿ ಎಂದು ಅವರು ಪ್ರೇರೇಪಿಸುತ್ತಿದ್ದರು. ಆದರೆ ಒಬ್ಬರ ಕಸುಬನ್ನು ಮತ್ತೊಬ್ಬರು ನಿರ್ಧರಿಸಲಾಗದು. ಸಲಹೆಗಾರನ ಕೆಲಸ ಬೆಳಕು ಹಿಡಿಯುವುದಷ್ಟೆ ಎಂಬುದು ಅವರ ದೃಢನಿಲುವು. ಅವರಲ್ಲಿ ಕೊರತೆಯೂ ಇತ್ತು. ಬಂದವರ ತಲೆಯ ಆಕಾರವನ್ನೂ ಅವರು ಗಮನಿಸುತ್ತಿದ್ದರು. ಅದರಿಂದ ಯೋಗ್ಯತೆ ಅಳೆಯಬಹುದೆಂಬುದನ್ನು ವಿಜ್ಞಾನ ಒಪ್ಪುವುದಿಲ್ಲ.

ಕೇಂದ್ರ ತೆರೆದ ಎಂಟೇ ತಿಂಗಳಲ್ಲಿ, 1908ರ ಸೆಪ್ಟೆಂಬರ್ 26ರಂದು, ಐವತ್ತಮೂರನೆಯ ವಯಸ್ಸಿನಲ್ಲಿ ಪಾರ್ಸನ್ಸರು ತೀರಿಕೊಂಡರು. ವೃತ್ತಿಯ ಆಯ್ಕೆಯನ್ನು ಕುರಿತ ಅವರ ಗ್ರಂಥ ಮರುವರ್ಷ ಪ್ರಕಟವಾಯಿತು. ಮೇಯರ್ ಬ್ಲೂಮ್‌ಫೀಲ್ಡರು ಕೆಲಸವನ್ನು ಮುಂದುವರಿಸಿದರು. ಬಾಸ್ಟನ್ನಿನ ಶಾಲೆಗಳಲ್ಲಿ ಉಪಾಧ್ಯಾಯರೇ ಸಲಹೆಗಾರರಾದರು.

ಈ ವಿಚಾರ ನಮ್ಮ ದೇಶಕ್ಕೆ ಹೊಸತಲ್ಲ. ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪ್ರೌಢಶಿಕ್ಷಣ ಆಯೋಗವು ಶಾಲೆಗಳಿಗೆ ಮಾರ್ಗದರ್ಶನಾಧಿಕಾರಿಗಳು ಬೇಕೆಂದು ಶಿಫಾರಸು ಮಾಡಿತು. 1954ರಲ್ಲಿ ದೆಹಲಿಯಲ್ಲಿ ಇದಕ್ಕಾಗಿ ಕೇಂದ್ರ ಸಂಸ್ಥೆಯೂ ಹುಟ್ಟಿತು. ಆದರೂ ನಾನು ಓದಿದ ಪ್ರೌಢಶಾಲೆಗೆ ಆ ಬೆಳಕು ತಲುಪಿರಲಿಲ್ಲ. ಹತ್ತನೆಯ ತರಗತಿ ಮುಗಿದಾಗ ನಮಗಿದ್ದ ಲೆಕ್ಕ ಒಂದೇ: ಹೆಚ್ಚು ಅಂಕದವರಿಗೆ ವಿಜ್ಞಾನ, ನಡುವಿನವರಿಗೆ ವಾಣಿಜ್ಯ, ಉಳಿದವರಿಗೆ ಕಲೆ. ನನ್ನ ಮನೆತನದಲ್ಲಿ ಪದವಿ ತರಗತಿಗೆ ಬಂದವಳು ನಾನೇ ಮೊದಲು. ಅಪ್ಪನಿಗೆ ಹೊಲ ಗೊತ್ತು, ಅಮ್ಮನಿಗೆ ಕೂಲಿ ಗೊತ್ತು; ಅರ್ಜಿ ತುಂಬುವುದು, ವಿದ್ಯಾರ್ಥಿವೇತನ ಪಡೆಯುವುದು, ಯಾವ ಓದು ಯಾವ ಕೆಲಸಕ್ಕೆ ಒಯ್ಯುತ್ತದೆಂಬುದು ಅವರು ಹೇಳಿಕೊಡಬಹುದಾದ ವಿದ್ಯೆಯಲ್ಲ. ಓದಿದವರ ಮನೆಯ ಮಕ್ಕಳಿಗೆ ಊಟದ ಹೊತ್ತಿನಲ್ಲೇ ಸಿಗುವ ಈ ತಿಳಿವನ್ನು ನಮ್ಮಂಥವರಿಗೆ ಶಾಲೆಯೇ ಕೊಡಬೇಕು.

ಈ ವರ್ಷ ನನ್ನ ತಂಗಿ ಹತ್ತನೆಯ ತರಗತಿಯಲ್ಲಿದ್ದಾಳೆ. ಅವಳಿಗೆ ಗಿಡಮರಗಳೆಂದರೆ ಪ್ರಾಣ. ಆ ಪ್ರೀತಿಯಿಂದ ಹೊಟ್ಟೆ ಹೊರೆಯುವ ಓದು ಯಾವುದೆಂದು ನನ್ನನ್ನು ಕೇಳುತ್ತಾಳೆ. ಅವಳಿಗಾಗಿ ತೋಟಗಾರಿಕೆ, ಅರಣ್ಯ, ಕೃಷಿ ಶಿಕ್ಷಣಗಳ ವಿವರ ಕಲೆಹಾಕತೊಡಗಿದ್ದೇನೆ. ಆರಿಸಿಕೊಳ್ಳುವವಳು ಮಾತ್ರ ಅವಳೇ.

ಪೂಜ್ಯ ಅಧ್ಯಾಪಕರಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ಬಿನ್ನಹ. ನಮ್ಮ ಕಾಲೇಜಿನಿಂದ ತಿಂಗಳಿಗೊಂದು ಶನಿವಾರ ನಾಲ್ಕೈದು ಮಂದಿ ಸುತ್ತಲಿನ ಪ್ರೌಢಶಾಲೆಗಳಿಗೆ ಹೋಗಿ, ಯಾವ ಓದಿನಿಂದ ಎಲ್ಲಿಗೆ ದಾರಿಯೆಂದು ತಿಳಿಸಬಾರದೆ? ಬಾಸ್ಟನ್ನಿನ ಆ ದೊಡ್ಡ ಕೆಲಸವೂ ಒಂದು ಕೋಣೆಯಲ್ಲಿ, ಎದುರು ಕುಳಿತ ಒಬ್ಬ ಹುಡುಗನ ಮಾತನ್ನು ತಾಳ್ಮೆಯಿಂದ ಕೇಳುವುದರಿಂದಲೇ ಬೆಳೆದುಬಂದಿತು.