ಸುರಪುರದ ಟೇಲರ್ ಸಾಹೇಬರು

ಇಂಗ್ಲಿಷ್ ತರಗತಿಯ ಹಳೆಯ ಸಾಹಿತ್ಯವೆಲ್ಲ ದೂರದ ಲಂಡನ್ನಿನದು ಎಂದುಕೊಳ್ಳುತ್ತೇವೆ. ಆದರೆ ಹೆಸರಾಂತ ಇಂಗ್ಲಿಷ್ ಕಾದಂಬರಿಕಾರರೊಬ್ಬರು ನಮ್ಮ ಸುರಪುರದಲ್ಲೇ ಹಲವು ವರ್ಷ ಇದ್ದರು.

ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದರು. ಕಾಲೇಜು ಕಲಿಯಲಿಲ್ಲ. 1824ರಲ್ಲಿ, ಕೇವಲ 15ನೇ ವಯಸ್ಸಿನಲ್ಲಿ, ಬೊಂಬಾಯಿಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಬಂದರು. ಆ ವ್ಯಾಪಾರವೇ ನಷ್ಟದಲ್ಲಿತ್ತು. ಹಾಗಾಗಿ ನಿಜಾಮರ ಸೇವೆಗೆ ಸೇರಿದರು. ನಮ್ಮ ಮನೆಯ ಉರ್ದುವಿಗೆ ಹತ್ತಿರದ ಹಿಂದೂಸ್ತಾನಿ ಕಲಿತು ಜನರೊಡನೆ ಬೆರೆತರು. 1839ರಲ್ಲಿ ಬಂದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಇಂಗ್ಲೆಂಡಿನಲ್ಲಿ ಅವರಿಗೆ ದೊಡ್ಡ ಹೆಸರು ತಂದಿತು.

1841ರಲ್ಲಿ ಸುರಪುರಕ್ಕೆ ಬಂದು ಸಂಸ್ಥಾನದ ಆಡಳಿತ ನೋಡಿಕೊಂಡರು. ಬಾಲಕ ರಾಜಾ ವೆಂಕಟಪ್ಪ ನಾಯಕರನ್ನು ಓದಿಸಿ ಬೆಳೆಸಿದರು. ರಾಜರು ಅವರನ್ನು ಅಪ್ಪ ಎಂದೇ ಕರೆಯುತ್ತಿದ್ದರು. 1858ರಲ್ಲಿ ಅದೇ ರಾಜರು ಬ್ರಿಟಿಷರ ವಿರುದ್ಧ ಹೋರಾಡಿ, ಸೆರೆಯಾಗಿ, ಅದೇ ವರ್ಷ ತೀರಿಕೊಂಡರು. ಸಾಕಿದವರು ಒಂದು ಕಡೆ, ಬೆಳೆದ ಮಗ ಇನ್ನೊಂದು ಕಡೆ. ಈ ನೋವನ್ನು ಟೇಲರ್ ತಮ್ಮ ಆತ್ಮಕಥೆಯಲ್ಲಿ ಬರೆದಿಟ್ಟು, 1876ರಲ್ಲಿ ನಿಧನರಾದರು.

ಟೇಲರ್ ಮಂಜಿಲ್ ಇಂದಿಗೂ ಸುರಪುರದಲ್ಲಿದೆ. ಅಧಿಕಾರದಲ್ಲಿದ್ದವರು ಬರೆದ ನಮ್ಮೂರಿನ ಕಥೆ ಇಂಗ್ಲಿಷಿನಲ್ಲಿದೆ. ಅದನ್ನು ನಾವೇ ಓದಿ, ಎಷ್ಟು ಸರಿ ಎಂದು ಕೇಳುವುದಕ್ಕಾದರೂ ಇಂಗ್ಲಿಷ್ ಸಾಹಿತ್ಯವನ್ನು ಮನಸ್ಸಿಟ್ಟು ಕಲಿಯಬೇಕು.