ಪುಸ್ತಕವಿಲ್ಲದ ಪ್ರಾಧ್ಯಾಪಕ

1933ರ ಏಪ್ರಿಲ್ 7ರಂದು ಜರ್ಮನಿಯಲ್ಲಿ ಒಂದು ಕಾಯಿದೆ ಜಾರಿಗೆ ಬಂತು. ವೃತ್ತಿಪರ ನಾಗರಿಕ ಸೇವೆಯ ಪುನಃಸ್ಥಾಪನೆ ಕಾಯಿದೆ ಎಂಬುದು ಅದರ ಹೆಸರು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು ನಿವೃತ್ತನಾದ ನನ್ನಂಥವನ ಕಿವಿಗೆ ಈ ಹೆಸರು ಹಿತವಾಗಿಯೇ ಕೇಳಿಸುತ್ತದೆ. ನಾಗರಿಕ ಸೇವೆ ವೃತ್ತಿಪರವಾಗಿರಬೇಕು, ಕೆಟ್ಟಿದ್ದರೆ ಅದನ್ನು ಸರಿಯಾದ ಸ್ಥಿತಿಗೆ ತರಬೇಕು. ಇದಕ್ಕೆ ಯಾರ ತಕರಾರು ಇದ್ದೀತು? ಆದರೆ ಕಾಯಿದೆಯ ಉದ್ದೇಶ ಬೇರೆಯೇ ಆಗಿತ್ತು. ಯೆಹೂದ್ಯರನ್ನೂ ಹಿಟ್ಲರನ ರಾಜಕೀಯ ವಿರೋಧಿಗಳನ್ನೂ ಸರ್ಕಾರಿ ಕಚೇರಿ, ನ್ಯಾಯಾಲಯ, ಶಾಲೆ ಮತ್ತು ವಿಶ್ವವಿದ್ಯಾಲಯಗಳಿಂದ ಹೊರಹಾಕುವುದಕ್ಕಾಗಿಯೇ ಅದನ್ನು ರಚಿಸಲಾಗಿತ್ತು. ಹೊರದಬ್ಬುವ ಕೆಲಸಕ್ಕೆ ಪುನಃಸ್ಥಾಪನೆ ಎಂಬ ಹೆಸರು.

ಆ ಕಾಯಿದೆಯ ನೆರಳು ಬಿದ್ದ ಸಹಸ್ರಾರು ಮಂದಿಯಲ್ಲಿ ಡ್ರೆಸ್ಡೆನ್ ನಗರದ ತಾಂತ್ರಿಕ ವಿದ್ಯಾಲಯದಲ್ಲಿ ಫ್ರೆಂಚ್ ಸಾಹಿತ್ಯ ಬೋಧಿಸುತ್ತಿದ್ದ ಪ್ರಾಧ್ಯಾಪಕ ವಿಕ್ಟರ್ ಕ್ಲೆಂಪರರ್ ಒಬ್ಬರು. ಯುದ್ಧ ಮತ್ತು ರಾಜಕೀಯ ವಿಪತ್ತಿನ ಕಾಲದಲ್ಲಿ ಸಾಹಿತ್ಯಾಭ್ಯಾಸದಿಂದ ಏನು ಪ್ರಯೋಜನ, ಅದು ನೆಮ್ಮದಿಯ ದಿನಗಳ ವಿಲಾಸವಲ್ಲವೇ ಎಂಬ ಪ್ರಶ್ನೆ ಹಳೆಯದು. ಅರ್ಥಶಾಸ್ತ್ರ ಓದಿ, ಅಂಕಿಅಂಶಗಳ ನಡುವೆ ಬಾಳಿದ ನಾನೂ ಬಹುಕಾಲ ಹಾಗೆಯೇ ಭಾವಿಸಿದ್ದೆ. ಆ ಭಾವನೆಯನ್ನು ಅಲುಗಾಡಿಸಿದ್ದು ಕ್ಲೆಂಪರರ್ ಅವರ ಬದುಕು.

ಅವರು ಹುಟ್ಟಿದ್ದು 1881ರ ಅಕ್ಟೋಬರ್ 9ರಂದು, ಲಾಂಡ್ಸ್‌ಬರ್ಗ್ ಎಂಬ ಊರಿನಲ್ಲಿ. ಅಂದು ಜರ್ಮನಿಗೆ ಸೇರಿದ್ದ ಆ ಊರು ಇಂದು ಪೋಲೆಂಡಿನಲ್ಲಿದೆ. ತಂದೆ ಯೆಹೂದ್ಯ ಧರ್ಮಗುರು. ಅಣ್ಣಂದಿರಲ್ಲಿ ಇಬ್ಬರು ಹೆಸರಾಂತ ವೈದ್ಯರಾದರು. ಸಂಗೀತ ನಿರ್ದೇಶಕ ಆಟೊ ಕ್ಲೆಂಪರರ್ ಈ ಕುಟುಂಬದ ಬಂಧು. ಇಂಥ ಮನೆಯಲ್ಲಿ ವಿಕ್ಟರ್ ನಿಲುಗಡೆಯಿಲ್ಲದ ಹುಡುಗ. ಮ್ಯೂನಿಕ್, ಜಿನೀವಾ, ಪ್ಯಾರಿಸ್, ಬರ್ಲಿನ್ ಎಂದು ಅಲೆದು ಓದಿ, ಪದವಿ ಪೂರೈಸದೆ ಬಿಟ್ಟು, ಕೆಲವು ವರ್ಷ ಪತ್ರಿಕಾ ಬರವಣಿಗೆಯಿಂದ ಹೊಟ್ಟೆ ಹೊರೆದರು. 1906ರಲ್ಲಿ ಪಿಯಾನೊ ವಾದಕಿ ಈವಾ ಶ್ಲೆಮ್ಮರ್ ಅವರನ್ನು ಮದುವೆಯಾದರು. ಈವಾ ಯೆಹೂದ್ಯರಲ್ಲ. ಮುಂದೆ ಪತಿಯ ಪ್ರಾಣ ಉಳಿದದ್ದು ಈ ಒಂದು ಸಂಗತಿಯಿಂದ. ವಿಕ್ಟರ್ ಪ್ರಾಟೆಸ್ಟೆಂಟ್ ಕ್ರೈಸ್ತರಾದರು. ಮೂವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯಕ್ಕೆ ಮರಳಿ, ವಿದ್ವಾಂಸ ಕಾರ್ಲ್ ಫೋಸ್ಲರ್ ಅವರ ಮಾರ್ಗದರ್ಶನದಲ್ಲಿ ಮಾಂಟೆಸ್ಕ್ಯೂ ಕುರಿತು ಪ್ರೌಢ ಪ್ರಬಂಧ ಬರೆದರು.

ಮೊದಲ ಮಹಾಯುದ್ಧದಲ್ಲಿ ಸ್ವಯಂಪ್ರೇರಿತರಾಗಿ ಸೈನ್ಯ ಸೇರಿ, ಫಿರಂಗಿ ದಳದಲ್ಲಿದ್ದು, ಬಳಿಕ ಸೇನೆಯ ಪುಸ್ತಕ ಪರಿಶೀಲನಾ ಕಚೇರಿಯಲ್ಲಿ ಕೆಲಸ ಮಾಡಿದರು. ಅಂದರೆ, ಭಾಷೆಯ ದಮನವನ್ನು ದಾಖಲಿಸಿದ ಈ ವ್ಯಕ್ತಿ ಒಂದು ಕಾಲಕ್ಕೆ ಸರ್ಕಾರದ ಪರವಾಗಿ ಪುಸ್ತಕಗಳನ್ನು ಜರಡಿ ಹಿಡಿದವರೇ. ತಾವು ಜರ್ಮನರು ಎಂಬ ವಿಷಯದಲ್ಲಿ ಅವರಿಗೆ ಕಿಂಚಿತ್ತೂ ಸಂದೇಹವಿರಲಿಲ್ಲ. 1920ರಲ್ಲಿ ಡ್ರೆಸ್ಡೆನ್‌ನಲ್ಲಿ ಪ್ರಾಧ್ಯಾಪಕರಾದರು. ಹದಿನೆಂಟನೆಯ ಶತಮಾನದ ಫ್ರೆಂಚ್ ಸಾಹಿತ್ಯದ ಚರಿತ್ರೆಯನ್ನು ಬರೆಯುವುದು ಅವರ ಜೀವಮಾನದ ಹಂಬಲವಾಯಿತು. ವಾಲ್ಟೇರ್, ರೂಸೋ, ದಿದೆರೋ ಅವರ ನಿತ್ಯದ ಸಂಗಾತಿಗಳಾದರು.

ಯುದ್ಧಭೂಮಿಯಲ್ಲಿ ಸೇವೆ ಸಲ್ಲಿಸಿದವರಿಗೆ 1933ರ ಕಾಯಿದೆಯಲ್ಲಿ ಇದ್ದ ವಿನಾಯಿತಿ ಕ್ಲೆಂಪರರ್ ಅವರನ್ನು ಎರಡು ವರ್ಷ ಕಾಯಿತು. 1935ರ ಏಪ್ರಿಲ್ ಕೊನೆಗೆ ಅವರೂ ವಜಾ ಆದರು. ಅದೇ ಕ್ಷೇತ್ರದ ವಿದ್ವಾಂಸರಾದ ಲಿಯೊ ಸ್ಪಿಟ್ಸರ್ ಮತ್ತು ಎರಿಕ್ ಔಅರ್‌ಬಾಖ್ ಇಸ್ತಾಂಬುಲ್‌ನಲ್ಲಿ ಆಶ್ರಯ ಪಡೆದರು. ಔಅರ್‌ಬಾಖ್ ಅಲ್ಲಿದ್ದುಕೊಂಡೇ ಯುದ್ಧದ ನಡುವೆ ಮಿಮೆಸಿಸ್ ಎಂಬ ಮೇರುಕೃತಿಯನ್ನು ಬರೆದರು. ಕ್ಲೆಂಪರರ್ ಅವರಿಗೆ ಅಂಥ ಬಾಗಿಲು ತೆರೆಯಲಿಲ್ಲ. ವಯಸ್ಸು ಐವತ್ತು ದಾಟಿತ್ತು, ಈವಾ ಅವರ ಆರೋಗ್ಯ ಚೆನ್ನಾಗಿರಲಿಲ್ಲ, ನಗರದ ಅಂಚಿನ ಡೋಲ್ಷನ್‌ನಲ್ಲಿ ಆಗಷ್ಟೇ ಒಂದು ಪುಟ್ಟ ಮನೆ ಕಟ್ಟಿಕೊಂಡಿದ್ದರು. ತಡವಾಗಿ ಪ್ರಯತ್ನಿಸಿದಾಗ ಯಾವ ದೇಶವೂ ಕರೆಯಲಿಲ್ಲ.

ಕೆಲಸ ಹೋದರೇನು, ಪುಸ್ತಕ ಬರೆಯಬಹುದಲ್ಲ ಎಂದುಕೊಂಡರು. 1936ರಲ್ಲಿ ಗ್ರಂಥಾಲಯದ ವಾಚನ ಕೊಠಡಿಗೆ ಯೆಹೂದ್ಯರ ಪ್ರವೇಶ ನಿಷೇಧವಾಯಿತು. ಪುಸ್ತಕಗಳನ್ನು ಮನೆಗೆ ಒಯ್ಯಲು ಇನ್ನೂ ಅವಕಾಶವಿತ್ತು. 1938ರ ನವೆಂಬರ್‌ನಲ್ಲಿ ದೇಶದಾದ್ಯಂತ ಯೆಹೂದ್ಯರ ಮೇಲೆ ದಾಳಿ ನಡೆದ ಬಳಿಕ ಅದೂ ಮುಗಿಯಿತು. ಹದಿನೆಂಟನೆಯ ಶತಮಾನದ ಚರಿತ್ರೆಯ ಕರಡು ನಡುವೆಯೇ ನಿಂತಿತು. ವೈದ್ಯನಿಂದ ಔಷಧವನ್ನೂ ರೈತನಿಂದ ನೇಗಿಲನ್ನೂ ಕಸಿದುಕೊಂಡಂತೆ, ಸಾಹಿತ್ಯದ ಪ್ರಾಧ್ಯಾಪಕನಿಂದ ಪುಸ್ತಕವನ್ನು ಕಸಿದುಕೊಳ್ಳಲಾಯಿತು.

ಆದರೆ ಓದುವುದನ್ನು ಕಸಿಯುವುದು ಸಾಧ್ಯವಾಗಲಿಲ್ಲ. ಪುಸ್ತಕವಿಲ್ಲದ ಪ್ರಾಧ್ಯಾಪಕರು ತಮ್ಮ ಸುತ್ತಲಿನ ಭಾಷೆಯನ್ನೇ ಪಠ್ಯವಾಗಿಸಿಕೊಂಡರು. ಬೀದಿಯ ಧ್ವನಿವರ್ಧಕದಿಂದ ಹರಿದುಬಂದ ಭಾಷಣ, ಪತ್ರಿಕೆಯ ಶಿಶುಜನನ ಮತ್ತು ಮರಣದ ಪ್ರಕಟಣೆ, ಅಂಗಡಿಯ ಮುಂದಿನ ಮಾತು, ಪೊಲೀಸರ ಬೈಗುಳ, ತಮಗೇ ಬಂದ ಸರ್ಕಾರಿ ನೋಟಿಸು ಎಲ್ಲವನ್ನೂ ಹಳೆಯ ಹಸ್ತಪ್ರತಿಯನ್ನು ಓದುವ ಎಚ್ಚರದಿಂದ ಓದಿ ದಿನಚರಿಯಲ್ಲಿ ಬರೆದಿಟ್ಟರು. ಮೂರನೆಯ ಸಾಮ್ರಾಜ್ಯದ ಭಾಷೆ ಎಂಬರ್ಥದ ಲ್ಯಾಟಿನ್ ಪದಗಳ ಮೊದಲಕ್ಷರಗಳಿಂದ ಈ ಅಧ್ಯಯನಕ್ಕೆ ಎಲ್‌ಟಿಐ ಎಂಬ ಗುಪ್ತನಾಮ ಕೊಟ್ಟರು. ಸಂಕ್ಷಿಪ್ತನಾಮಗಳ ಗೀಳಿದ್ದ ನಾಜಿ ಆಡಳಿತಕ್ಕೆ ಅದು ಅವರ ಅಣಕವೂ ಆಗಿತ್ತು.

ಅವರ ಪಾಂಡಿತ್ಯ ಇಲ್ಲಿ ಹೇಗೆ ಕೆಲಸಕ್ಕೆ ಬಂತು ಎಂಬುದಕ್ಕೆ ಒಂದೇ ಪದದ ಉದಾಹರಣೆ ಸಾಕು. ಮತಾಂಧ ಎಂಬರ್ಥದ ಫನಾಟಿಶ್ ಎಂಬ ಜರ್ಮನ್ ಪದವಿದೆ. ವಾಲ್ಟೇರ್ ಮತ್ತು ಅವರ ಸಮಕಾಲೀನರಿಗೆ ಮತಾಂಧತೆಯೇ ವಿವೇಕದ ಪರಮ ಶತ್ರು. ಆ ಶತಮಾನದ ಬರಹಗಳಲ್ಲಿ ಅದು ಯಾವಾಗಲೂ ತೆಗಳಿಕೆ. ನಾಜಿಗಳ ಬಾಯಲ್ಲಿ ಅದೇ ಪದ ಹೊಗಳಿಕೆಯಾಯಿತು. ನಿಷ್ಠೆ, ನಂಬಿಕೆ, ಹೋರಾಟ ಎಲ್ಲಕ್ಕೂ ಅದೇ ವಿಶೇಷಣ. ದಿನವೂ ಕೇಳಿ ಕೇಳಿ ಜನರಿಗೆ ಅದು ಸಹಜವಾಯಿತು. ಆದರೆ ವಾಲ್ಟೇರ್‌ನನ್ನು ಓದಿ ಬೆಳೆದ ಕಿವಿಗೆ ಆ ಪದ ತಲೆಕೆಳಗಾಗಿರುವುದು ತಕ್ಷಣ ಕೇಳಿಸಿತು. ಇನ್ನೂರು ವರ್ಷಗಳ ಹಿಂದಿನ ಸಾಹಿತ್ಯದ ಓದು ಇಂದಿನ ಸುಳ್ಳಿನ ಸಾಕ್ಷಿಯಾದದ್ದು ಹೀಗೆ.

ಅವರ ಪಟ್ಟಿ ಬೆಳೆಯುತ್ತ ಹೋಯಿತು. ಸಂಘ ಸಂಸ್ಥೆಗಳನ್ನೆಲ್ಲ ಪಕ್ಷದ ಹಿಡಿತಕ್ಕೆ ತರುವುದನ್ನು ವಿದ್ಯುತ್ ಮಂಡಲದ ಸ್ವಿಚ್ಚುಗಳನ್ನು ಒಂದೇ ಕಡೆ ತಿರುಗಿಸುವುದಕ್ಕೆ ಬಳಸುವ ಪದದಿಂದ ಕರೆಯಲಾಗುತ್ತಿತ್ತು. ಮನುಷ್ಯ ಯಂತ್ರದ ಬಿಡಿಭಾಗವಾದ. ಪ್ರತಿ ಸಭೆಯೂ ಐತಿಹಾಸಿಕ, ಪ್ರತಿ ಕಟ್ಟಡವೂ ಶಾಶ್ವತ. ಸಾವಿನ ಶಿಬಿರಗಳಿಗೆ ಸಾಗಿಸುವುದು ಕಡತಗಳಲ್ಲಿ ಸ್ಥಳಾಂತರವೆನಿಸಿತು. ಕ್ಲೆಂಪರರ್ ಅವರನ್ನು ಹೆಚ್ಚು ಕಾಡಿದ್ದು ಮತ್ತೊಂದು ಸಂಗತಿ: ಈ ಭಾಷೆಯನ್ನು ನಾಜಿಗಳಷ್ಟೇ ಅಲ್ಲ, ಅವರನ್ನು ದ್ವೇಷಿಸುವವರೂ, ಅವರಿಂದ ಹಿಂಸೆಗೊಳಗಾದ ಯೆಹೂದ್ಯರೂ ಆಡುತ್ತಿದ್ದರು. ಭಾಷಣ ಮರೆತುಹೋಗುತ್ತದೆ, ಪದ ನಾಲಿಗೆಯಲ್ಲಿ ಉಳಿಯುತ್ತದೆ.

ಇದನ್ನು ಓದುವಾಗ ನನಗೆ ನನ್ನದೇ ಒಂದು ವರದಿ ನೆನಪಾಯಿತು. ಸೇವೆಗೆ ಸೇರಿದ ಹೊಸದರಲ್ಲಿ ಮುಳುಗಡೆಯಾಗಲಿದ್ದ ಹಳ್ಳಿಯೊಂದನ್ನು ಖಾಲಿ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊಸ್ತಿಲು ಬಿಟ್ಟು ಏಳದ ಒಬ್ಬ ವೃದ್ಧೆಯನ್ನು ಇಬ್ಬರು ಎತ್ತಿಕೊಂಡು ಲಾರಿಯಲ್ಲಿ ಕೂರಿಸಿದರು. ಸಂಜೆ ನಾನು ಬರೆದದ್ದು ಒಂದೇ ಸಾಲು: ತೆರವು ಕಾರ್ಯ ಪೂರ್ಣಗೊಳಿಸಲಾಗಿದೆ. ಆ ಸಾಲಿನಲ್ಲಿ ವೃದ್ಧೆಯೂ ಇಲ್ಲ, ನಾನೂ ಇಲ್ಲ. ಅಣೆಕಟ್ಟೆಯ ಪುನರ್ವಸತಿಯನ್ನೂ ಒಂದು ಜನಾಂಗದ ಕಗ್ಗೊಲೆಯನ್ನೂ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ, ಅಸಂಬದ್ಧ. ಆದರೂ ಮಾಡಿದವನನ್ನೂ ಅನುಭವಿಸಿದವನನ್ನೂ ಮರೆಮಾಚುವ ವಾಕ್ಯ ಎಷ್ಟು ಸಲೀಸಾಗಿ ಬರೆಯಲು ಬರುತ್ತದೆ ಎಂಬುದನ್ನು ನಾನು ಬಲ್ಲೆ.

1940ರ ಮೇ ತಿಂಗಳಲ್ಲಿ ದಂಪತಿಯನ್ನು ಸ್ವಂತ ಮನೆಯಿಂದ ಎಬ್ಬಿಸಿ, ಯೆಹೂದ್ಯರನ್ನು ಒತ್ತೊತ್ತಾಗಿ ತುಂಬಿದ್ದ ಮನೆಯೊಂದಕ್ಕೆ ಕಳಿಸಲಾಯಿತು. ಪತಿಯನ್ನು ತೊರೆದಿದ್ದರೆ ಈವಾ ಆರಾಮವಾಗಿರಬಹುದಿತ್ತು, ಆಕೆ ತೊರೆಯಲಿಲ್ಲ. 1941ರಲ್ಲಿ ಕಿಟಕಿಯ ಬೆಳಕು ಮರೆಮಾಡಲು ಒಮ್ಮೆ ಮರೆತದ್ದಕ್ಕಾಗಿ ಕ್ಲೆಂಪರರ್ ಎಂಟು ದಿನ ಸೆರೆಮನೆಯಲ್ಲಿದ್ದರು. ಅದೇ ಸೆಪ್ಟೆಂಬರ್‌ನಿಂದ ಎದೆಯ ಮೇಲೆ ಹಳದಿ ನಕ್ಷತ್ರ ಧರಿಸುವುದು ಕಡ್ಡಾಯವಾಯಿತು. ದೂರವಾಣಿ, ರೇಡಿಯೊ, ಕಾರು, ಬೆರಳಚ್ಚು ಯಂತ್ರ, ತಂಬಾಕು, ಹೂವು, ಪತ್ರಿಕೆ ಒಂದೊಂದಾಗಿ ನಿಷಿದ್ಧವಾದವು. ಸಾಕುಪ್ರಾಣಿಯನ್ನು ಇಟ್ಟುಕೊಳ್ಳುವಂತಿಲ್ಲ ಎಂಬ ಆದೇಶ ಬಂದಾಗ ಮುದ್ದಿನ ಬೆಕ್ಕನ್ನು ವೈದ್ಯರ ಬಳಿಗೆ ಒಯ್ದು ಕೊಲ್ಲಿಸಬೇಕಾಯಿತು. ಅರವತ್ತು ದಾಟಿದ ಪ್ರಾಧ್ಯಾಪಕರು ಬೀದಿಯಲ್ಲಿ ಹಿಮ ಎತ್ತಿದರು, ಕಾರ್ಖಾನೆಯಲ್ಲಿ ಚಹಾ ಪೊಟ್ಟಣ ಕಟ್ಟಿದರು.

ಇದೆಲ್ಲದರ ನಡುವೆ ದಿನಚರಿ ನಿಲ್ಲಲಿಲ್ಲ. ಬರೆದ ಹಾಳೆಗಳನ್ನು ಈವಾ ಚೀಲದಲ್ಲಿಟ್ಟುಕೊಂಡು ಪಿರ್ನಾ ಎಂಬ ಸಮೀಪದ ಊರಿಗೆ ಒಯ್ದು, ಅನ್ನೆಮಾರಿ ಕೋಹ್ಲರ್ ಎಂಬ ವೈದ್ಯ ಗೆಳತಿಗೆ ಕೊಡುತ್ತಿದ್ದರು. ಆ ವೈದ್ಯೆ ಅವನ್ನು ಬಚ್ಚಿಟ್ಟರು. ಒಂದು ಹಾಳೆ ಗೆಸ್ಟಾಪೊ ಕೈಗೆ ಸಿಕ್ಕಿದ್ದರೂ ಮೂವರಿಗೂ, ಹಾಳೆಗಳಲ್ಲಿ ಹೆಸರಿದ್ದವರಿಗೂ ಸಾವು ಖಚಿತವಾಗಿತ್ತು. ತಮಗಾಗಿ ಇಷ್ಟು ಜನರನ್ನು ಅಪಾಯಕ್ಕೆ ಒಡ್ಡುವುದು ಸರಿಯೇ ಎಂಬ ಪ್ರಶ್ನೆ ಕ್ಲೆಂಪರರ್ ಅವರನ್ನು ಪದೇಪದೇ ಬಾಧಿಸಿತು. ಆದರೂ ಬರೆದರು. ದೊಡ್ಡ ಘಟನೆಗಳನ್ನು ಇತಿಹಾಸಕಾರರು ಬರೆದಾರು, ದಿನನಿತ್ಯದ ದಬ್ಬಾಳಿಕೆಯ ಸಣ್ಣ ಸಂಗತಿಗಳನ್ನು ತಾವು ಬರೆಯದಿದ್ದರೆ ಅವು ಉಳಿಯವು ಎಂಬುದು ಅವರ ನಿಲುವು. ಗುಟ್ಟಾಗಿ ಕೈಕುಲುಕಿ ಹೋದ ಅಪರಿಚಿತನನ್ನೂ, ಮುಖಕ್ಕೆ ಉಗಿದವನನ್ನೂ ಒಂದೇ ನಿಖರತೆಯಿಂದ ದಾಖಲಿಸಿದರು.

1945ರ ಫೆಬ್ರುವರಿ ವೇಳೆಗೆ ಡ್ರೆಸ್ಡೆನ್‌ನಲ್ಲಿ ಉಳಿದಿದ್ದ ಯೆಹೂದ್ಯರು ಇನ್ನೂರಕ್ಕೂ ಕಡಿಮೆ. ಫೆಬ್ರುವರಿ 13ರಂದು ಅವರಲ್ಲಿ ಹಲವರಿಗೆ ನೋಟಿಸು ಮುಟ್ಟಿಸುವ ಕೆಲಸ ಕ್ಲೆಂಪರರ್ ಅವರ ಪಾಲಿಗೆ ಬಂತು. ಹೊರ ಊರಿನಲ್ಲಿ ಕೆಲಸಕ್ಕಾಗಿ ಮೂರು ದಿನದಲ್ಲಿ ಹಾಜರಾಗಬೇಕೆಂಬುದು ಒಕ್ಕಣೆ. ಕೆಲಸ ಎಂಬ ಪದದ ಅರ್ಥ ಕೊಟ್ಟವರಿಗೂ ಗೊತ್ತಿತ್ತು, ಪಡೆದವರಿಗೂ ಗೊತ್ತಿತ್ತು. ಆ ರಾತ್ರಿಯೇ ಬ್ರಿಟಿಷ್ ವಿಮಾನಗಳು ನಗರದ ಮೇಲೆ ಬಾಂಬಿನ ಮಳೆಗರೆದವು. ಮರುದಿನ ಅಮೆರಿಕದ ವಿಮಾನಗಳೂ ಬಂದವು. ಸುಮಾರು 25,000 ಮಂದಿ ಸತ್ತರು. ಬೆಂಕಿಯಲ್ಲಿ ಬೇರ್ಪಟ್ಟ ದಂಪತಿ ಬೆಳಿಗ್ಗೆ ಎಲ್ಬ್ ನದಿಯ ಬಳಿ ಮತ್ತೆ ಒಂದಾದರು. ಈವಾ ಚಾಕುವಿನಿಂದ ಪತಿಯ ಅಂಗಿಯ ಹಳದಿ ನಕ್ಷತ್ರವನ್ನು ಕಿತ್ತುಹಾಕಿದರು. ಸಹಸ್ರಾರು ಜನರನ್ನು ಕೊಂದ ಬೆಂಕಿಯೇ ಕೆಲವರನ್ನು ಉಳಿಸಿತು. ಇದನ್ನು ಯಾವ ಲೆಕ್ಕದ ಖಾತೆಗೆ ಬರೆಯುವುದೆಂದು ನಾನರಿಯೆ.

ಗುರುತು ಮರೆಸಿಕೊಂಡು ಬವೇರಿಯಾದ ಹಳ್ಳಿಯೊಂದಕ್ಕೆ ತಲುಪಿದಾಗ ಅಲ್ಲಿ ಬರ್ಲಿನ್‌ನಿಂದ ಬಂದಿದ್ದ ಒಬ್ಬ ಸಾಮಾನ್ಯ ಹೆಂಗಸು ಸಿಕ್ಕಳು. ಆಕೆ ಸೆರೆಮನೆ ಕಂಡವಳು. ಕಾರಣ ಕೇಳಿದರೆ, ಆಡಿದ ಕೆಲವು ಮಾತುಗಳಿಗಾಗಿ ಎಂದಳು. ಹಿಟ್ಲರನ ಆಡಳಿತದ ಬಗ್ಗೆ ಏನೋ ಅಂದುಬಿಟ್ಟಿದ್ದಳು, ಅಷ್ಟೇ. ತಾವು ಇಷ್ಟು ವರ್ಷ ಪದಗಳ ಹಿಂದೆ ಬಿದ್ದದ್ದು ವ್ಯರ್ಥವಲ್ಲ ಎಂಬ ಧೈರ್ಯ ಕ್ಲೆಂಪರರ್ ಅವರಿಗೆ ಬಂದದ್ದು ಆ ಹೆಂಗಸಿನಿಂದ. ಜೂನ್‌ನಲ್ಲಿ ದಂಪತಿ ಬಹುದೂರ ನಡೆದೇ ಡ್ರೆಸ್ಡೆನ್‌ಗೆ ಮರಳಿದರು. 1947ರಲ್ಲಿ ಎಲ್‌ಟಿಐ ಗ್ರಂಥ ಹೊರಬಂತು.

ಕತೆ ಇಲ್ಲಿಗೆ ಮುಗಿದಿದ್ದರೆ ಚೆನ್ನಿತ್ತು. 1945ರ ಕೊನೆಯಲ್ಲಿ ಕ್ಲೆಂಪರರ್ ಕಮ್ಯುನಿಸ್ಟ್ ಪಕ್ಷ ಸೇರಿದರು. ಪೂರ್ವ ಜರ್ಮನಿಯಲ್ಲಿ ಮತ್ತೆ ಪ್ರಾಧ್ಯಾಪಕರಾದರು, 1950ರಿಂದ ಅಲ್ಲಿನ ಸಂಸತ್ತಿನ ಸದಸ್ಯರೂ ಆದರು. ಹೊಸ ಆಡಳಿತದ ಭಾಷೆಯಲ್ಲೂ ಹಳೆಯ ರೋಗದ ಲಕ್ಷಣಗಳನ್ನು ಕಂಡು, ಅದನ್ನು ನಾಲ್ಕನೆಯ ಸಾಮ್ರಾಜ್ಯದ ಭಾಷೆ ಎಂದು ದಿನಚರಿಯಲ್ಲಿ ಗುರುತಿಸಿದರು. ಆದರೆ ಬಹಿರಂಗವಾಗಿ ಆ ಪುಸ್ತಕ ಬರೆಯಲಿಲ್ಲ. ಮನೆ, ಪದವಿ, ಗೌರವ ಎಲ್ಲ ಕಳೆದುಕೊಂಡು ಮತ್ತೆ ಪಡೆದ ವೃದ್ಧರೊಬ್ಬರ ಈ ಮೌನವನ್ನು ದೂಷಿಸುವ ಅರ್ಹತೆ ನನಗಿಲ್ಲ. ಸಮರ್ಥಿಸುವ ಮನಸ್ಸೂ ಇಲ್ಲ. ಸರಿಯಾಗಿ ಓದಬಲ್ಲವರೆಲ್ಲ ಸರಿಯಾದ ಹೊತ್ತಿನಲ್ಲಿ ಬಾಯಿ ತೆರೆಯುತ್ತಾರೆಂಬ ಭರವಸೆಯನ್ನು ಸಾಹಿತ್ಯ ಕೊಡುವುದಿಲ್ಲ.

1951ರಲ್ಲಿ ಈವಾ ತೀರಿಕೊಂಡರು. ಅರ್ಧಕ್ಕೆ ನಿಂತಿದ್ದ ಹದಿನೆಂಟನೆಯ ಶತಮಾನದ ಚರಿತ್ರೆಯ ಮೊದಲ ಸಂಪುಟ 1954ರಲ್ಲಿ ಅಚ್ಚಾಯಿತು. ಎರಡನೆಯದು ಬಂದದ್ದು 1966ರಲ್ಲಿ. ಅದನ್ನು ನೋಡಲು ಕ್ಲೆಂಪರರ್ ಇರಲಿಲ್ಲ. 1960ರ ಫೆಬ್ರುವರಿ 11ರಂದು ಅವರು ಡ್ರೆಸ್ಡೆನ್‌ನಲ್ಲಿ ನಿಧನರಾಗಿದ್ದರು. ಅವರ ಯುದ್ಧಕಾಲದ ದಿನಚರಿ ಪ್ರಕಟವಾಗಲು 1995ರವರೆಗೆ ಕಾಯಬೇಕಾಯಿತು. ಪೂರ್ವ ಜರ್ಮನಿ ಅಷ್ಟರಲ್ಲಿ ಭೂಪಟದಿಂದಲೇ ಮರೆಯಾಗಿತ್ತು. ತಾವು ಜೀವಮಾನದ ಕೃತಿಯೆಂದು ನಂಬಿದ್ದ ಫ್ರೆಂಚ್ ಸಾಹಿತ್ಯ ಚರಿತ್ರೆಗಿಂತ, ಅದನ್ನು ಬರೆಯಲಾಗದ ವರ್ಷಗಳಲ್ಲಿ ಗೀಚಿಟ್ಟ ಆ ಹಾಳೆಗಳಿಂದಲೇ ಅವರು ಜಗತ್ತಿಗೆ ಪರಿಚಿತರಾದರು.

ಶಾಲೆಯಲ್ಲಿ ನಮ್ಮ ಕನ್ನಡ ಮೇಷ್ಟ್ರು ಯಾವ ವಾಕ್ಯ ಕೊಟ್ಟರೂ ಮೊದಲು ಕರ್ತೃ ಯಾರೆಂದು ಕೇಳುತ್ತಿದ್ದರು. ಅದು ಪರೀಕ್ಷೆಯ ಅಂಕಕ್ಕಾಗಿ ಎಂದು ಅಂದುಕೊಂಡಿದ್ದೆ. ಈಗ ಬೆಳಗಿನ ಪತ್ರಿಕೆಯಲ್ಲಿ ತೆರವು, ಶುದ್ಧೀಕರಣ, ಪುನಃಸ್ಥಾಪನೆ ಎಂಬಂಥ ಪದ ಕಂಡಾಗಲೆಲ್ಲ ಆ ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ: ಮಾಡುತ್ತಿರುವವರು ಯಾರು, ಯಾರಿಗೆ ಮಾಡುತ್ತಿದ್ದಾರೆ? ಸೇವೆಗೆ ಸೇರಿದ ವರ್ಷವೇ ಅದನ್ನು ಕೇಳಿಕೊಂಡಿದ್ದರೆ, ಆ ಹಳ್ಳಿಯ ವರದಿಗೆ ಇನ್ನೊಂದು ಸಾಲು ಸೇರುತ್ತಿತ್ತು.