ಸ್ನೂಕರಿನ ದೊರೆ ಜೋ ಡೇವಿಸ್

ಮುಂಬಯಿಯ ಜಿಮಖಾನೆಗಳಲ್ಲಿ ಹಸುರು ಬನಾತು ಹೊದಿಸಿದ ವಿಶಾಲವಾದ ಮೇಜನ್ನು ಕಂಡ ವಾಚಕರು ಹಲವರಿರಬಹುದು. ಅದರ ಮೇಲಾಡುವ ಸ್ನೂಕರು 1875ರಲ್ಲಿ ಜಬ್ಬಲಪುರದ ಸೈನ್ಯಾಧಿಕಾರಿಗಳ ನಡುವೆ ಹುಟ್ಟಿ, ಉದಕಮಂಡಲದ ಕ್ಲಬ್ಬಿನಲ್ಲಿ ನಿಯಮಗಳನ್ನು ಪಡೆಯಿತೆಂಬುದು ರೂಢಿಯ ಮಾತು. ಆ ಆಟದಿಂದ ಜೀವನ ನಡೆಸಬಹುದೆಂದು ಲೋಕಕ್ಕೆ ತೋರಿಸಿದವರು ಇಂಗ್ಲೆಂಡಿನ ಜೋ ಡೇವಿಸರು.

ಡರ್ಬಿಷೈರಿನ ವಿಟ್‌ವೆಲ್ ಗ್ರಾಮದಲ್ಲಿ 1901ನೇ ಇಸವಿ ಎಪ್ರಿಲ್ 15ರಂದು ಅವರ ಜನನವಾಯಿತು. ತಂದೆಯು ಕಲ್ಲಿದ್ದಲ ಗಣಿಯ ಕೆಲಸವನ್ನು ಬಿಟ್ಟು ಪಾನಗೃಹವನ್ನು ನಡೆಸತೊಡಗಿದರು. ಅಲ್ಲಿದ್ದ ಬಿಲಿಯರ್ಡ್ಸ್ ಮೇಜೇ ಬಾಲಕನ ಪಾಠಶಾಲೆಯಾಯಿತು. ಇಂತಹ ಮನೆಯಲ್ಲಿ ಬೆಳೆದ ಹುಡುಗನಿಗೆ ಗಲ್ಲಾಪೆಟ್ಟಿಗೆಯ ಲೆಕ್ಕವು ತಾನಾಗಿ ಬರುವುದೆಂಬುದನ್ನು ಹೋಟೆಲು ನಡೆಸಿದ ನಾವು ಚೆನ್ನಾಗಿ ಬಲ್ಲೆವು.

ಆಗ ಮಾನವಿದ್ದುದು ಬಿಲಿಯರ್ಡ್ಸಿಗೆ. ಡೇವಿಸರು 1928ರಲ್ಲಿ ಅದರಲ್ಲಿಯೂ ಜಗಜ್ಜೇತರಾದರು. ಆದರೆ ಅವರ ಕಣ್ಣು ಸ್ನೂಕರಿನ ಮೇಲಿತ್ತು. ಬರ್ಮಿಂಗ್‌ಹ್ಯಾಮಿನ ಬಿಲ್ ಕ್ಯಾಮ್‌ಕಿನ್ನರೊಡಗೂಡಿ ಅವರು ಬಿಲಿಯರ್ಡ್ಸ್ ನಿಯಂತ್ರಣ ಸಂಘವನ್ನು ಒಪ್ಪಿಸಿ, ವೃತ್ತಿ ಆಟಗಾರರ ಚಾಂಪಿಯನ್‌ಷಿಪ್ಪನ್ನು ಆರಂಭಿಸಿದರು. 1927ರ ಅಂತಿಮ ಪಂದ್ಯದಲ್ಲಿ ಟಾಮ್ ಡೆನ್ನಿಸರನ್ನು 20–11ರಿಂದ ಸೋಲಿಸಿದರು. ಸಂಘವು ಬೆಳ್ಳಿಯ ಕಪ್ಪೊಂದನ್ನು ಕೊಂಡಿತು. ಗೆದ್ದವರಿಗೆ ದೊರೆತುದು 6 ಪೌಂಡು 10 ಶಿಲಿಂಗು ಮಾತ್ರ!

ಅದೂ ಸೇರಿ 1946ರ ವರೆಗೆ ಹದಿನೈದು ಸಲ ಆ ಪದವಿ ಡೇವಿಸರದೇ ಆಯಿತು. ಒಮ್ಮೆಯೂ ಸೋಲದೆ ಅವರು ಚಾಂಪಿಯನ್‌ಷಿಪ್ಪಿನಿಂದ ನಿವೃತ್ತರಾದರು, ಆಟದಿಂದಲ್ಲ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಹಾಲಿನ ಗೇಣಿಯಲ್ಲಿ ಅವರೂ ಪಾಲುದಾರರು. ವೃತ್ತಿ ಆಟಗಾರರ ಸಂಘಕ್ಕೂ ಅವರೇ ಅಧ್ಯಕ್ಷರು. ಆಟಗಾರ, ಪ್ರವರ್ತಕ, ಯಜಮಾನ ಎಲ್ಲವೂ ಒಬ್ಬರೇ ಆದರು.

ನಿಯಂತ್ರಣ ಸಂಘಕ್ಕೆ ಇದು ಹಿಡಿಸಲಿಲ್ಲ. ಚಾಂಪಿಯನ್‌ಷಿಪ್ಪು ಗೌರವದ ವಿಷಯ, ಹಣ ಅನಂತರದ ಮಾತೆಂಬುದು ಅದರ ನಿಲುವು. ಗೌರವದಿಂದ ಹೊಟ್ಟೆ ತುಂಬದೆಂಬುದು ಆಟಗಾರರದು. 1952ರಲ್ಲಿ ವಿವಾದವು ಒಡೆದು, ವೃತ್ತಿ ಆಟಗಾರರು ಹೊರನಡೆದು ತಮ್ಮದೇ ಮ್ಯಾಚ್‌ಪ್ಲೇ ಚಾಂಪಿಯನ್‌ಷಿಪ್ಪನ್ನು ಹೂಡಿದರು. ಸಂಘದ ಪಾಲಿಗೆ ಉಳಿದವರು ಇಬ್ಬರೇ: ಆಸ್ಟ್ರೇಲಿಯದ ಹೊರೇಸ್ ಲಿಂಡ್ರಮ್ ಮತ್ತು ನ್ಯೂಜಿಲೆಂಡಿನ ಕ್ಲಾರ್ಕ್ ಮೆಕಾನಕಿ. ಲಿಂಡ್ರಮ್ 94–49ರಿಂದ ಗೆದ್ದರೂ, ಆ ಜಯವನ್ನು ಅರೆಮನಸ್ಸಿನಿಂದಲೇ ಎಣಿಸಿದವರು ಬಹಳ.

1955ನೇ ಇಸವಿ ಜನವರಿ 22ರಂದು ಲೆಸ್ಟರ್ ಸ್ಕ್ವೇರ್ ಹಾಲಿನಲ್ಲಿ ವಿಲ್ಲಿ ಸ್ಮಿತ್ತರೆದುರು ಡೇವಿಸರು ಒಂದೇ ಸರದಿಯಲ್ಲಿ 147 ಅಂಕಗಳನ್ನು ಗಳಿಸಿದರು. ಹದಿನೈದು ಕೆಂಪು ಚೆಂಡುಗಳನ್ನೂ, ಪ್ರತಿಯೊಂದರ ಹಿಂದೆ ಕಪ್ಪನ್ನೂ, ಕೊನೆಗೆ ಎಲ್ಲ ಬಣ್ಣಗಳನ್ನೂ ಕಿಂಡಿಗಿಳಿಸುವ ಪೂರ್ಣ ಗಳಿಕೆಯದು. ಸಂಘವು ಇದನ್ನು ದಾಖಲೆಯೆಂದು ಒಪ್ಪಲಿಲ್ಲ. ತಪ್ಪು ಹೊಡೆದವನಿಂದಲೇ ಮತ್ತೆ ಆಡಿಸಬಹುದೆಂಬ ನಿಯಮವು ವೃತ್ತಿ ಆಟಗಾರರಲ್ಲಿತ್ತು, ಸಂಘದ ಪುಸ್ತಕದಲ್ಲಿರಲಿಲ್ಲ, ಇದೇ ಕಾರಣ. ತಪ್ಪೇ ಇಲ್ಲದ ಸರದಿಗೂ ತಪ್ಪಿನ ನಿಯಮಕ್ಕೂ ಏನು ಸಂಬಂಧವೆಂಬುದು ನಮಗೆ ಅರ್ಥವಾಗದು. 1957ರಲ್ಲಿ ಸಂಘವು ಮಣಿಯಿತು.

ಆದರೆ ಡೇವಿಸರೂ ನಿರ್ದೋಷಿಗಳೆನ್ನಲಾರೆವು. ಸರ್ವಶ್ರೇಷ್ಠ ಆಟಗಾರನು ಹೊರಗೆ ನಿಂತು ಪ್ರದರ್ಶನಗಳಲ್ಲಿ ಚಾಂಪಿಯನ್ನರನ್ನು ಮಣಿಸುತ್ತಿದ್ದರೆ ಪದವಿಗೆ ಬೆಲೆಯೆಲ್ಲಿ? ಸಮಬಲದ ಆಟದಲ್ಲಿ ಅವರನ್ನು ಗೆದ್ದವರು ತಮ್ಮ ಫ್ರೆಡ್ ಒಬ್ಬರೇ. ಹಾಲು 1955ರಲ್ಲಿ ಮುಚ್ಚಿತು. 1957ರ ಚಾಂಪಿಯನ್‌ಷಿಪ್ಪಿಗೆ ಬಂದವರು ನಾಲ್ವರೇ. ಅದನ್ನು ಜಾನ್ ಪುಲ್ಮನ್ನರು ಗೆದ್ದ ಮೇಲೆ 1964ರ ವರೆಗೆ ಪಂದ್ಯವೇ ನಡೆಯಲಿಲ್ಲ. ಆ ವರ್ಷಗಳಲ್ಲಿ ತರುಣರಾಗಿದ್ದವರ ನಷ್ಟವನ್ನು ಯಾರು ತುಂಬಿಕೊಟ್ಟರು?

1978ರಲ್ಲಿ ಷೆಫೀಲ್ಡಿನ ಕ್ರೂಸಿಬಲ್ ನಾಟಕಶಾಲೆಯಲ್ಲಿ ಫ್ರೆಡ್ಡರ ಸೆಮಿಫೈನಲ್ ಪಂದ್ಯವನ್ನು ನೋಡುತ್ತಿದ್ದಾಗ ಡೇವಿಸರು ಅಸ್ವಸ್ಥರಾದರು. ಜುಲೈ 10ರಂದು ತೀರಿಕೊಂಡರು. ಅಂದು ತಮ್ಮನು ಆಡುತ್ತಿದ್ದುದು, ಅಣ್ಣನು 1927ರಲ್ಲಿ ಮೊದಲು ಗೆದ್ದ ಆ ಬೆಳ್ಳಿಯ ಕಪ್ಪಿಗಾಗಿಯೇ.